ಪಟ್ಟಿಯಲ್ಲಿ ಬರೆಯದ ಲೆಕ್ಕ

ರೋಹಿಣಿ ಮಳೆ ಒಂದು ಹದ ಸುರಿದು ನಿಂತ ಮರುದಿನ ತೇರಗಾಂವದ ಓಣಿಗಳಲ್ಲಿ ಮುದುಕರು, ಕೂಸುಗಳು, ಕೋಳಿಗಳು ಬಿಟ್ಟರೆ ಮತ್ಯಾರೂ ಸಿಗುವುದಿಲ್ಲ. ಊರಿಗೆ ಊರೇ ಹೊಲದಲ್ಲಿರುತ್ತದೆ. ಹಂಚಿನ ಮನೆಗಳ ಮುಂದೆ ಖಾಲಿ ಗೂಟಗಳು, ಎತ್ತುಗಳು ಅರ್ಧ ತಿಂದು ಬಿಟ್ಟ ಭತ್ತದ ಹುಲ್ಲು, ಕಟ್ಟೆಯ ಮೇಲೆ ಬೋರಲು ಹಾಕಿದ ಕೊಡ. ಬಂಡಿಯ ದಾರಿಗೆ ಇಳಿದರೆ ನೆನೆದ ಮಣ್ಣಿನ ವಾಸನೆಯ ಜೊತೆಗೆ ಕೊರಳ ಗೆಜ್ಜೆಯ ಸದ್ದು, ಎತ್ತು ಹೊಡೆಯುವವರ ಕೂಗು ಕೇಳತೊಡಗುತ್ತವೆ.

ಜಿಲ್ಲೆ ಉತ್ತರ ಕನ್ನಡವಾದರೂ ಈ ಊರಿರುವ ಹಳಿಯಾಳ ತಾಲ್ಲೂಕಿನ ಮುಖ ಧಾರವಾಡದ ಕಡೆಗೆ. ಬೆನ್ನಿಗೆ ದಾಂಡೇಲಿ, ಜೊಯಿಡಾದ ಕಾಡು, ಎದುರಿಗೆ ಬಯಲುಸೀಮೆ, ಮಗ್ಗುಲಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ. ಬಹಳ ಮನೆಗಳ ಒಳಗೆ ಮರಾಠಿ, ಹೊಸ್ತಿಲು ದಾಟಿದರೆ ಧಾರವಾಡದ ಧಾಟಿಯ ಕನ್ನಡ. ಮರಾಠರು, ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು, ಸಿದ್ದಿಗಳು, ಗೌಳಿಗಳು ಒಂದೇ ಸಂತೆಯಲ್ಲಿ ಕೊಂಡು, ಒಂದೇ ಬಸ್ಸಿನಲ್ಲಿ ಜೋತಾಡಿಕೊಂಡು ಬದುಕುವ ಸೀಮೆ ಇದು. ಇಲ್ಲಿ ಭತ್ತವನ್ನು ಬೆಳೆಯುವ ರೀತಿಯೂ ಕರಾವಳಿಯದ್ದಲ್ಲ. ಕೆಸರು ಮಾಡಿ ಸಸಿ ನೆಡುವುದಕ್ಕಿಂತ ಒಣನೆಲದಲ್ಲಿ ಕೂರಿಗೆ ಹಿಡಿದು ಬಿತ್ತುವುದು ಹಳೆಯ ರೂಢಿ. ಮುಂದೆ ಎತ್ತಿನ ಜೋಡಿ, ಹಿಂದೆ ಕೂರಿಗೆ, ಅದರ ಬಟ್ಟಲಿಗೆ ಉಡಿಯಿಂದ ಹಿಡಿ ಹಿಡಿಯಾಗಿ ಬೀಜ ಬಿಡುತ್ತ ನಡೆಯುವ ಹೆಣ್ಣುಮಗಳು. ಅವಳ ಬೆರಳಿನ ಲಯ ತಪ್ಪಿದರೆ ಒಂದು ಕಡೆ ಪೈರು ದಟ್ಟ, ಇನ್ನೊಂದು ಕಡೆ ಬೋಳು.

ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ. ಮಳೆ ಹೆಚ್ಚಾದರೆ ಕೂರಿಗೆಯ ತುದಿಗೆ ಮಣ್ಣು ಮೆತ್ತಿಕೊಳ್ಳುತ್ತದೆ, ಬಿಸಿಲು ಹೆಚ್ಚಾದರೆ ನೆಲ ಬಿರುಸಾಗುತ್ತದೆ. ನಡುವಿನ ಎರಡು ಮೂರು ದಿನಗಳಲ್ಲೇ ಎಲ್ಲರ ಹೊಲವೂ ಮುಗಿಯಬೇಕು. ಆದರೆ ಎಲ್ಲರ ಹಟ್ಟಿಯಲ್ಲೂ ಜೋಡಿ ಎತ್ತು ಇರುವುದಿಲ್ಲ, ಎಲ್ಲರ ಮನೆಯಲ್ಲೂ ಬೀಜ ಬಿಡುವ ಕೈ ಇರುವುದಿಲ್ಲ. ಮಾತುಕತೆ ಶುರುವಾಗುವುದು ಇಲ್ಲಿಂದಲೇ.

"ಕಾಕಾ, ನಾಳೆ ನಿಮ್ಮ ಜೋಡಿ ಖಾಲಿ ಐತೇನ್ರೀ?"

"ಐತಿ, ಹೊಡ್ಕೊಂಡು ಹೋಗು. ನಾಡದ ನಮ್ಮ ಹೊಲದಾಗ ಬೀಜಾ ಬಿಡಾಕ ನಿಮ್ಮವ್ವನ್ನ ಕಳಸು."

ಅಷ್ಟೇ. ರೊಕ್ಕದ ಮಾತು ಬರಲಿಲ್ಲ, ಕಾಗದ ಬರಲಿಲ್ಲ. ಒಂದೇ ಎತ್ತಿದ್ದವನು ಇನ್ನೊಂದು ಒಂಟಿ ಎತ್ತಿನವನ ಜೊತೆ ಸೇರಿ ಜೋಡಿ ಮಾಡಿಕೊಳ್ಳುತ್ತಾನೆ. ಇಬ್ಬರ ಹೊಲವೂ ಸರದಿಯಂತೆ ಬಿತ್ತಿ ಮುಗಿಯುತ್ತದೆ. ಮುಂದೆ ಕಳೆ ತೆಗೆಯುವಾಗ, ಕೊಯ್ಲಿನಲ್ಲಿ, ಬಣವಿ ಒಟ್ಟುವಾಗ ಇದೇ ಏರ್ಪಾಡು ಮುಯ್ಯಾಳಿನ ಹೆಸರಿನಲ್ಲಿ ನಡೆಯುತ್ತದೆ. ಇವತ್ತು ನಿನ್ನ ಹೊಲಕ್ಕೆ ನಮ್ಮ ಮನೆಯ ಇಬ್ಬರು, ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯ ಇಬ್ಬರು. ಗಟ್ಟಿ ರಟ್ಟೆಯವನ ದಿನಕ್ಕೂ ಮೆತ್ತಗೆ ಕೈ ಆಡಿಸುವ ಮುದುಕಿಯ ದಿನಕ್ಕೂ ಬೆಲೆ ಒಂದೇ: ಒಂದು ದಿನಕ್ಕೆ ಒಂದು ದಿನ. ಎಷ್ಟು ಸಾಲು ಕಳೆ ತೆಗೆದೆ ಎಂದು ಯಾರೂ ಎಣಿಸುವುದಿಲ್ಲ. ಬಡವಿಯೊಬ್ಬಳು ಈ ಏರ್ಪಾಡಿನಲ್ಲಿ ತಲೆ ಬಾಗಿಸಬೇಕಾಗಿಲ್ಲ. ಅವಳೂ ಕೊಟ್ಟಿದ್ದಾಳೆ, ಆದ್ದರಿಂದ ಕೇಳುತ್ತಾಳೆ.

ಈಗ ಈ ಚಿತ್ರದ ಮೂಲೆಗಳು ಮಾಸುತ್ತಿವೆ. ಬಾಡಿಗೆ ಟ್ರ್ಯಾಕ್ಟರ್ ತಾಸಿನ ಲೆಕ್ಕದಲ್ಲಿ ಬರುತ್ತದೆ, ಕೊಯ್ಲಿನ ಯಂತ್ರ ಮಧ್ಯಾಹ್ನದೊಳಗೆ ಹೊಲವನ್ನು ಬೋಳು ಮಾಡಿ ಮುಂದಿನ ಊರಿಗೆ ಹೋಗುತ್ತದೆ. ಯಂತ್ರದ ಬಗ್ಗೆ ಮುನಿಸಿಕೊಳ್ಳಲು ಕಾರಣವಿಲ್ಲ. ಬಗ್ಗಿ ಬಗ್ಗಿ ನಡು ಬಿದ್ದುಹೋದ ಹೆಂಗಸರನ್ನು ಕೇಳಿದರೆ ಅದರ ಪುಣ್ಯ ತಿಳಿಯುತ್ತದೆ. ಆದರೆ ಯಂತ್ರದ ಮಾಲೀಕನಿಗೆ ತಿರುಗಿ ಕೊಡಬೇಕಾದದ್ದು ರೊಕ್ಕ ಮಾತ್ರ. ರೊಕ್ಕ ಕೊಟ್ಟ ಕ್ಷಣಕ್ಕೆ ಅವನಿಗೂ ನಮಗೂ ಸಂಬಂಧ ತೀರಿತು. ಮುಯ್ಯಾಳಿನಲ್ಲಿ ಹಾಗಾಗುತ್ತಿರಲಿಲ್ಲ. ಅಲ್ಲಿ ಯಾವಾಗಲೂ ಯಾರದೋ ಒಂದು ದಿನ ಬಾಕಿ ಇರುತ್ತಿತ್ತು. ಆ ಬಾಕಿಯೇ ಎರಡು ಮನೆಗಳ ನಡುವಿನ ದಾರಿಯಲ್ಲಿ ಹುಲ್ಲು ಬೆಳೆಯದಂತೆ ನೋಡಿಕೊಳ್ಳುತ್ತಿತ್ತು.

ಬರೆದಿಡುವ ಬಾಕಿಯೂ ಇಲ್ಲಿ ಉಂಟು. ಈ ಸೀಮೆಯ ಯಾವ ಮದುವೆಗಾದರೂ ಹೋಗಿ ನೋಡಿ. ಅಕ್ಷತೆ ಬಿದ್ದ ಮೇಲೆ ಹಂದರದ ಕಂಬಕ್ಕೆ ಒರಗಿ ಒಬ್ಬ ಹುಡುಗ ವಹಿ ಹಿಡಿದು ಕೂರುತ್ತಾನೆ. ಪಕ್ಕದಲ್ಲಿ ಊರಿನ ಹಿರಿಯನೊಬ್ಬ. ಬಂದವರು ಆಯಾರ ಕೊಡುತ್ತಾರೆ, ಹಿರಿಯ ಗಟ್ಟಿಯಾಗಿ ಕೂಗುತ್ತಾನೆ, ಹುಡುಗ ಬರೆದುಕೊಳ್ಳುತ್ತಾನೆ. ಇಂಥವರಿಂದ ಇಷ್ಟು ರೂಪಾಯಿ, ಇಂಥವರಿಂದ ಸೀರೆ ಕುಪ್ಪಸ, ಇಂಥವರಿಂದ ಒಂದು ಹಿತ್ತಾಳೆ ಕೊಡ. ಆ ವಹಿ ಮುಂದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಜೋಪಾನವಾಗಿರುತ್ತದೆ. ಕೊಟ್ಟವರ ಮನೆಯಲ್ಲಿ ಮದುವೆ ಬಂದಾಗ ಹೊರಬರುತ್ತದೆ. ಅವರು ಕೊಟ್ಟದ್ದಕ್ಕಿಂತ ಕಡಿಮೆ ಕೊಡಬಾರದು. ಇದೂ ಒಳ್ಳೆಯದೇ. ಒಂದು ಮನೆ ಹೊರಲಾರದ ಖರ್ಚನ್ನು ಐವತ್ತು ಮನೆಗಳು ಹಂಚಿಕೊಳ್ಳುವ ಹಳ್ಳಿಯ ಬ್ಯಾಂಕು ಅದು.

ಅದೇ ಮನೆಯಲ್ಲಿ ಸಾವಾದ ದಿನ ನೋಡಿ. ಬೆಳಗಿನ ಜಾವ ಅಳುವಿನ ದನಿ ಎದ್ದರೆ ಸಾಕು, ನಿನ್ನೆ ಬದುವಿನ ಜಗಳದಲ್ಲಿ ಮಾತು ಬಿಟ್ಟವನೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ನಿಲ್ಲುತ್ತಾನೆ. ಒಬ್ಬ ಬಿದಿರು ಕಡಿಯಲು ಹೋಗುತ್ತಾನೆ, ಒಬ್ಬ ದೂರದ ಬೀಗರಿಗೆ ಫೋನು ಹಚ್ಚುತ್ತಾನೆ, ಇನ್ನಿಬ್ಬರು ಕಟ್ಟಿಗೆ ಹೊಂದಿಸುತ್ತಾರೆ. ಸತ್ತವರ ಮನೆಯಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ. ಮಣ್ಣು ಮುಗಿಸಿ ಬಂದವರಿಗೆ, ಅತ್ತು ಅತ್ತು ಬಸವಳಿದವರಿಗೆ, ಏನೂ ತಿಳಿಯದೆ ಹಸಿವು ಎನ್ನುವ ಕೂಸುಗಳಿಗೆ ಮಗ್ಗುಲ ಮನೆಯಿಂದ ಅನ್ನ ಸಾರು ಬರುತ್ತದೆ. "ಎರಡು ತುತ್ತು ಉಣ್ರಿ ವೈನಿ, ಮಕ್ಕಳ ಮಾರಿ ನೋಡ್ರಿ" ಎಂದು ಗಂಗಾಳ ಮುಂದಿಡುವ ಹೆಂಗಸು ತನ್ನ ಮನೆಯ ಕೆಲಸ ಅರ್ಧಕ್ಕೆ ಬಿಟ್ಟು ಬಂದವಳು.

ಅಲ್ಲಿ ವಹಿ ಹಿಡಿದು ಯಾರೂ ಕೂತಿರುವುದಿಲ್ಲ. ಹೆಗಲು ಕೊಟ್ಟವರ ಪಟ್ಟಿ ಯಾವ ಊರಲ್ಲೂ ಇಲ್ಲ. ನೆರವಿನಲ್ಲಿ ಎರಡು ಬಗೆ ಎಂಬುದು ಈ ಎರಡು ಮನೆಗಳನ್ನು ಅಕ್ಕಪಕ್ಕ ಇಟ್ಟರೆ ಕಾಣುತ್ತದೆ. ಒಂದನ್ನು ಬರೆದಿಟ್ಟು ತೀರಿಸುತ್ತೇವೆ, ಇನ್ನೊಂದನ್ನು ಬರೆಯುವುದಕ್ಕೇ ನಾಚುತ್ತೇವೆ. ಮೊದಲನೆಯದು ಊರನ್ನು ನಡೆಸುತ್ತದೆ, ಎರಡನೆಯದು ಊರನ್ನು ಊರಾಗಿ ಉಳಿಸುತ್ತದೆ.

ಮಾಘ ಮಾಸದಲ್ಲಿ ಹಳಿಯಾಳದ ರಸ್ತೆಗೆ ಬಂದು ನಿಂತರೆ ಈ ಎರಡನೆಯ ಬಗೆಯನ್ನು ಕಣ್ಣಾರೆ ಕಾಣಬಹುದು. ಧಾರವಾಡ, ಬೆಳಗಾವಿ, ಹಾವೇರಿಯ ಕಡೆಯ ರೈತರು ಉಳವಿ ಜಾತ್ರೆಗೆ ಹೊರಡುವ ಕಾಲ ಅದು. ಜೊಯಿಡಾ ತಾಲ್ಲೂಕಿನ ದಟ್ಟ ಕಾಡಿನ ನಡುವೆ ಇರುವ ಉಳವಿಯಲ್ಲಿ ಬಸವಣ್ಣನ ಸೋದರಳಿಯ ಚನ್ನಬಸವಣ್ಣನ ಸಮಾಧಿ ಇದೆ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ರಕ್ತ ಹರಿದಾಗ ಶರಣರ ಗುಂಪೊಂದು ಅವನ ಜೊತೆ ಈ ಕಾಡಿಗೆ ಬಂದು ನೆಲೆ ಕಂಡಿತು ಎಂಬುದು ಶರಣ ಪರಂಪರೆಯ ನೆನಪು. ಓಡಿ ಬಂದವರಿಗೆ ಕಾಡು ಆಸರೆ ಕೊಟ್ಟ ಜಾಗಕ್ಕೆ ಇಂದಿಗೂ ಜನ ವರ್ಷಕ್ಕೊಮ್ಮೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ.

ಮೊದಲು ಕೇಳುವುದು ಗಂಟೆ, ಆಮೇಲೆ ಕಾಣುವುದು ಧೂಳು, ಅದರ ಹಿಂದೆ ಒಂದರ ಬಾಲಕ್ಕೆ ಇನ್ನೊಂದು ಹೊಂದಿಕೊಂಡಂತೆ ಚಕ್ಕಡಿಗಳ ಸಾಲು. ಕೊಂಬಿಗೆ ಬಣ್ಣ, ಕೊಂಬಣಸು, ಬೆನ್ನಿಗೆ ಕನ್ನಡಿ ಹೊಲಿದ ಝೂಲ. ಕೊಲ್ಲಾರಿ ಕಟ್ಟಿದ ಬಂಡಿಯೊಳಗೆ ಮುದುಕಿಯರು, ಮೊಮ್ಮಕ್ಕಳು, ಹಾಸಿಗೆಯ ಸುರುಳಿ, ಹಂಡೆ ಪಾತ್ರೆ. ಬುತ್ತಿಯ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ. ಪಕ್ಕದಲ್ಲಿ ನಡೆದೇ ಹೋಗುವ ಹರಕೆಯವರು. ನಡುನಡುವೆ ಹರಹರ ಮಹಾದೇವ ಎಂಬ ಘೋಷ ಎದ್ದು ಹಿಂದಿನ ಬಂಡಿಯವರೆಗೂ ಹಬ್ಬುತ್ತ ಹೋಗುತ್ತದೆ.

ದಾರಿಯ ಊರುಗಳಲ್ಲಿ ಮರದ ನೆರಳು ಹಿಡಿದು ಜನ ಕಾದಿರುತ್ತಾರೆ. ಡ್ರಮ್ಮುಗಳಲ್ಲಿ ನೀರು, ಕೊಪ್ಪರಿಗೆಯಲ್ಲಿ ಮಜ್ಜಿಗೆ, ಒಲೆಯ ಮೇಲೆ ಅನ್ನ ಹುಗ್ಗಿ. ಚಕ್ಕಡಿ ನಿಂತಾಗ ಮೊದಲ ಬಕೆಟ್ಟು ಹೋಗುವುದು ಎತ್ತಿನ ಮೂತಿಗೆ. "ಮೊದಲ ಎತ್ತಿಗೆ ಕುಡಸ್ರಿ, ಆಮ್ಯಾಲ ನಾವು" ಎಂದು ಬಂಡಿಯ ಯಜಮಾನ ಹೇಳುವ ಮೊದಲೇ ಕೊಡುವವನು ಅದನ್ನು ಮಾಡಿರುತ್ತಾನೆ. ಅವನೂ ರೈತನೇ ತಾನೆ. ಯಾರದೋ ಗಾಲಿಯ ಕೀಲು ಸಡಿಲಾಗಿದ್ದರೆ ಊರಿನ ಬಡಿಗ ಉಳಿ ಸುತ್ತಿಗೆ ತರುತ್ತಾನೆ. ಯಾವುದೋ ಎತ್ತು ಕುಂಟಿದರೆ ನಾಲು ನೋಡುವವನನ್ನು ಹುಡುಕಿ ಕರೆತರುತ್ತಾರೆ. ಯಾವ ಊರಿನವರು ಎಂದು ಕೇಳುವುದುಂಟು. ಯಾವ ಜಾತಿಯವರು ಎಂದು ಕೇಳಿ ಮಜ್ಜಿಗೆ ಸುರಿಯುವವರಿಲ್ಲ. ದಾಂಡೇಲಿ ದಾಟಿದ ಮೇಲೆ ಪೊಟೋಲಿ, ಗುಂದದ ಕಡೆಯ ಏರು ಇಳಿವಿನ ಕಾಡುದಾರಿ. ಬಯಲಿನ ಎತ್ತುಗಳಿಗೆ ಆ ಘಟ್ಟ ಹೊಸದು. ಅಲ್ಲಿ ಒಂದು ಬಂಡಿ ಏರದಿದ್ದರೆ ಹಿಂದಿನ ಬಂಡಿಯ ಗಂಡಸರು ಇಳಿದು ಗಾಲಿಗೆ ಕೈ ಹಚ್ಚುತ್ತಾರೆ.

ಕೊಟ್ಟವನೂ ಕುಡಿದವನೂ ಮತ್ತೆ ಭೇಟಿಯಾಗುವ ಸಂಭವ ಎಷ್ಟು? ಮಜ್ಜಿಗೆ ಕುಡಿದ ನವಲಗುಂದದ ರೈತ ಹಳಿಯಾಳದ ಹುಡುಗನ ಹೆಸರನ್ನೂ ಕೇಳಿಲ್ಲ. ಮುಯ್ಯಿ ತೀರಿಸಲು ಬಾರದ ಈ ನೆರವಿನ ಬಳಿ ಮುಯ್ಯಾಳಿನ ಲೆಕ್ಕ ನಿಂತುಹೋಗುತ್ತದೆ. ಉಂಡವನು ಹೆಚ್ಚೆಂದರೆ ತನ್ನೂರಿಗೆ ಹೋಗಿ ಶ್ರಾವಣದಲ್ಲಿ ದಾರಿಹೋಕರಿಗೆ ಒಂದು ಹೊತ್ತು ಉಣಬಡಿಸಿಯಾನು. ಋಣ ತೀರುವುದು ಕೊಟ್ಟವನಿಗಲ್ಲ, ಮುಂದೆ ಬಂದವನಿಗೆ. ಶರಣರು ದಾಸೋಹವನ್ನು ಕಾಯಕದ ಮಗ್ಗುಲಲ್ಲಿ ಇಟ್ಟದ್ದು ಇದೇ ಕಾರಣಕ್ಕಿರಬೇಕು: ದುಡಿದದ್ದು ನಿನ್ನದು, ಆದರೆ ಉಣ್ಣುವಾಗ ಪಂಕ್ತಿಯಲ್ಲಿ ಇನ್ನೊಬ್ಬನಿರಲಿ.

ಅದೇ ರಸ್ತೆಯಲ್ಲಿ ಅದೇ ತಿಂಗಳುಗಳಲ್ಲಿ ಬರುವ ಇನ್ನೊಂದು ಸಾಲು ಇದೆ. ಅದಕ್ಕೆ ಗೆಜ್ಜೆ ಝೂಲಗಳಿಲ್ಲ. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಸುತ್ತಲಿನ ಭತ್ತದ ಹೊಲಗಳಿಗೆ ಕಬ್ಬು ಹಬ್ಬಿತು. ಕಬ್ಬಿನ ಹಿಂದೆ ಕಟಾವಿನ ಟೋಳಿಗಳು ಬಂದವು. ದೀಪಾವಳಿಯ ಆಸುಪಾಸಿಗೆ ಬರುವ ಅವರು ಬೇಸಿಗೆ ಕಾಲಿಡುವವರೆಗೆ ಹೊಲದಂಚಿನ ತಾಡಪತ್ರಿಯ ಗುಡಿಸಲುಗಳಲ್ಲಿ ಇರುತ್ತಾರೆ. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ, ಅಂದರೆ ಟೋಳಿಯನ್ನು ಕರೆತರುವ ಮುಕಾದಮನ ಲೆಕ್ಕದಲ್ಲಿ ಇಬ್ಬರೂ ಸೇರಿ ಒಂದು ಕತ್ತಿ. ಮುಂಗಡ ಪಡೆದು ಬಂದಿರುತ್ತಾರೆ. ಅದು ತೀರುವವರೆಗೆ ಕಡಿಯಬೇಕು. ನಸುಕಿನಲ್ಲಿ ಹೊಲಕ್ಕೆ ಇಳಿದರೆ ಕಬ್ಬಿನ ಗರಿಯ ಅಂಚು ಮುಂಗೈಯನ್ನು ಗೀರುತ್ತದೆ. ಬದುವಿನ ಮೇಲೆ ಸೀರೆಯ ಜೋಳಿಗೆಯಲ್ಲಿ ಕೂಸು, ಅದನ್ನು ತೂಗುವುದಕ್ಕೆ ಶಾಲೆ ಬಿಟ್ಟ ಎಂಟು ವರ್ಷದ ಅಕ್ಕ.

ಉಳವಿಯ ಚಕ್ಕಡಿಗೆ ಮಜ್ಜಿಗೆ ಕೊಡುವಾಗ ನಮ್ಮ ಕೈ ತಾನೇ ಮುಂದೆ ಬರುತ್ತದೆ, ಅಲ್ಲಿ ದೇವರಿದ್ದಾನೆ. ಈ ಗುಡಿಸಲುಗಳ ಮುಂದೆ ಅದೇ ಕೈ ತಡೆಯುತ್ತದೆ. ಪರಊರಿನವರು, ಬಡವರು, ಇವತ್ತಿದ್ದು ನಾಳೆ ಹೋಗುವವರು, ಏನು ಕದ್ದೊಯ್ಯುತ್ತಾರೋ ಎಂಬ ಗುಮಾನಿ. ಸೇವೆಯ ಬಗ್ಗೆ ದೊಡ್ಡ ಮಾತು ಆಡುವ ಯಾವ ಊರನ್ನೂ ಅಳೆಯಬೇಕಾದದ್ದು ಇಲ್ಲಿ. ಬೋರಿನ ನೀರನ್ನು ಗುಡಿಸಲಿನವರಿಗೂ ಬಿಟ್ಟ ಹೊಲದೊಡೆಯರಿದ್ದಾರೆ. ಹಬ್ಬದ ದಿನ ಹೋಳಿಗೆ ಕಟ್ಟಿಕೊಂಡು ಹೋಗಿ ಕೊಡುವ ಅವ್ವಂದಿರಿದ್ದಾರೆ. ವಲಸೆ ಬಂದವರ ಕೂಸಿಗೂ ಅಂಗನವಾಡಿಯ ಊಟ ಸಿಗಬೇಕೆಂಬುದು ನಿಯಮ. ಆದರೆ ನಿಯಮ ನಡೆದುಕೊಂಡು ಹೋಗಿ ಕೂಸನ್ನು ಎತ್ತಿಕೊಂಡು ಬರುವುದಿಲ್ಲ. ಯಾರೋ ಒಬ್ಬಾಕೆ ಕಬ್ಬಿನ ಹೊಲದವರೆಗೆ ಹೋಗಿ, "ಬಾ ತಂಗಿ, ನಿನ್ನ ತಮ್ಮನ್ನೂ ಕರ್ಕೊಂಡು ಬಾ, ಅಲ್ಲಿ ಊಟಾ ಐತಿ" ಎಂದು ಹೇಳಬೇಕಾಗುತ್ತದೆ.

ಆ ಒಬ್ಬಾಕೆ ಹೆಚ್ಚಾಗಿ ಆಶಾ ಕಾರ್ಯಕರ್ತೆ, ಇಲ್ಲವೆ ಅಂಗನವಾಡಿಯ ಅಕ್ಕ. ಗುಲಾಬಿ ಸೀರೆಯುಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಬಿಸಿಲಲ್ಲಿ ಮನೆಯಿಂದ ಮನೆಗೆ ನಡೆಯುವ ಆಶಾರನ್ನು ನೋಡದ ಹಳ್ಳಿ ಈಗ ಇಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದ ಮೇಲೆ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಅದೇ ಊರಿನ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಆರಿಸಿದರು. ಬಸುರಿಯ ಹೆಸರು ಬರೆಸುವುದು, ಲಸಿಕೆಯ ದಿನ ಕೂಸುಗಳನ್ನು ಸೇರಿಸುವುದು, ಕ್ಷಯ ರೋಗಿ ಗುಳಿಗೆ ನುಂಗಿದನೇ ಎಂದು ನೋಡುವುದು ಅವರ ಪಾಲಿನದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಮೂರನೆಯ ದಿನದಿಂದ 42ನೆಯ ದಿನದವರೆಗೆ ಆರು ಸಲ ಹೋಗಿ ಬರಬೇಕು: ಕೂಸಿನ ತೂಕ, ಮೈಬಿಸಿ, ತಾಯಿಯ ಹಾಲು ವಿಚಾರಿಸಬೇಕು. ನಡುರಾತ್ರಿ ನೋವು ಕಾಣಿಸಿಕೊಂಡರೆ ಮನೆಯವರು ಮೊದಲು ಎಬ್ಬಿಸುವುದು ಇವಳನ್ನು. 2008ರ ರಾಜ್ಯೋತ್ಸವದ ದಿನ ಶುರುವಾದ 108 ಆಂಬುಲೆನ್ಸಿಗೆ ಫೋನು ಮಾಡಿ, ಅದು ಬರುವವರೆಗೆ ಬಸುರಿಯ ಬೆನ್ನು ಸವರುತ್ತ, "ಧೈರ್ಯ ಇರಲಿ ಅಕ್ಕಾ, ಬಂತು ಗಾಡಿ" ಎನ್ನುತ್ತ ಅಂಗಳದಲ್ಲಿ ಕೂರುವವಳೂ ಇವಳೇ. ಫೋನಿನ ಸಿಗ್ನಲ್ಲೇ ಸಿಗದ ಜೊಯಿಡಾದ ಕಾಡಿನೂರುಗಳಲ್ಲಂತೂ ರೋಗಿಯನ್ನು ಡಾಂಬರು ರಸ್ತೆಯವರೆಗೆ ಹೊತ್ತು ತರಬೇಕಾದ ಕಾಲ ಇನ್ನೂ ಮುಗಿದಿಲ್ಲ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. 2025ರ ಜನವರಿಯಲ್ಲಿ ಇದೇ ರಾಜ್ಯದ ಆಶಾರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತು ತಿಂಗಳಿಗೆ ಗಟ್ಟಿಯಾದ ಒಂದು ಮೊತ್ತ ಕೊಡಿ ಎಂದು ಕೇಳಬೇಕಾಯಿತು. ಅವರಿಗೆ ಸಿಗುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಶಾಲೆಯ ಬಿಸಿಯೂಟದ ಕೋಣೆಯಲ್ಲಿ ದೊಡ್ಡ ಪಾತ್ರೆ ಇಳಿಸಿ, ನೂರು ಮಕ್ಕಳಿಗೆ ಅನ್ನ ಸಾಂಬಾರು ಬಡಿಸಿ, ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡು ಹೊರಬರುವ ಅಡುಗೆಯ ಹೆಂಗಸರ ಕಥೆಯೂ ಇದೇ. ಸೇವೆ ಎಂಬ ಹೆಸರಿಟ್ಟರೆ ಕೂಲಿ ಕಡಿಮೆ ಕೊಟ್ಟರೂ ನಡೆಯುತ್ತದೆ ಎಂಬ ಉಪಾಯ ಇದರ ಹಿಂದಿದೆ. ಮುಯ್ಯಾಳಿನಲ್ಲಿ ಒಂದು ದಿನಕ್ಕೆ ಒಂದು ದಿನ ಕೊಟ್ಟು ತೀರಿಸುವ ಹಳ್ಳಿಯ ರೈತ ಈ ವಿಷಯದಲ್ಲಿ ಸರ್ಕಾರಕ್ಕಿಂತ ನ್ಯಾಯವಂತ.

ಕೊಟ್ಟದ್ದು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇದೇ ಜಿಲ್ಲೆಯ ಮುಂಡಗೋಡ ಸಾಕ್ಷಿ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟನ್ನರು ಗಡಿ ದಾಟಿದರು. ಆಗಿನ ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ ನೆಲ ಕೊಟ್ಟಿತು. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಮುಂಡಗೋಡದ ಬಳಿ ಸುಮಾರು 4,000 ಎಕರೆಯಲ್ಲಿ ಇನ್ನೊಂದು ನೆಲೆ ಏಳತೊಡಗಿತು. ಹಿಮದ ನಾಡಿನ ಜನ ಇಲ್ಲಿಯ ಸೆಕೆಗೆ, ಜಡಿಮಳೆಗೆ ಬೆದರಿದರು. ಕಾಡು ಕಡಿದು ಮೆಕ್ಕೆಜೋಳ, ಭತ್ತ ಬೆಳೆಯಲು ಕಲಿತರು. ಇವತ್ತು ಅಲ್ಲಿ ಗಾಂದೆನ್, ಡ್ರೆಪುಂಗ್ ವಿಹಾರಗಳ ಹೊನ್ನಿನ ಬಣ್ಣದ ಮಾಡುಗಳು ಮೆಕ್ಕೆಜೋಳದ ಹೊಲಗಳ ಮೇಲೆ ಹೊಳೆಯುತ್ತವೆ. ಸುತ್ತಲಿನ ಹಳ್ಳಿಗಳ ಜನ ಅಲ್ಲಿಗೆ ಗಾರೆ ಕೆಲಸಕ್ಕೆ, ಹೊಲದ ಕೆಲಸಕ್ಕೆ, ಅಂಗಡಿ ವ್ಯಾಪಾರಕ್ಕೆ ಹೋಗುತ್ತಾರೆ. ಅರ್ಧ ಶತಮಾನದಲ್ಲಿ ಆಸರೆ ಕೇಳಿ ಬಂದವರು ಆಸರೆ ಕೊಟ್ಟವರ ಮಕ್ಕಳಿಗೆ ಕೆಲಸ ಕೊಡುವಂತಾದರು. ನೆಲ ಕೊಟ್ಟ ದಿನ ಯಾರೂ ಈ ಲಾಭವನ್ನು ಲೆಕ್ಕ ಹಾಕಿರಲಿಲ್ಲ.

ಸಂಜೆಯಾಗುತ್ತ ತೇರಗಾಂವದಂಥ ಊರಿನಲ್ಲಿ ಹೊಲದಿಂದ ಮರಳುವ ಬಂಡಿಗಳ ಸದ್ದು, ದನಗಳ ಧೂಳು, ಸೌದೆಯ ಹೊಗೆ ಒಂದಕ್ಕೊಂದು ಬೆರೆಯುತ್ತವೆ. ಕೈಕಾಲು ತೊಳೆದ ಗಂಡಸರು ಕಟ್ಟೆಗೆ ಬರುತ್ತಾರೆ. ಯಾರ ಹೊಲ ಉಳಿಯಿತು, ಯಾರ ಎತ್ತಿಗೆ ಕಾಲು ನೋವು, ಯಾರ ಮನೆಯ ಮುದುಕನಿಗೆ ಉಸಿರು ಹತ್ತಿದೆ ಎಂಬ ಸುದ್ದಿ ಅಲ್ಲಿ ಕೈಯಿಂದ ಕೈಗೆ ದಾಟುತ್ತದೆ. ದೊಡ್ಡ ಊರುಗಳಲ್ಲಿ ಪಕ್ಕದ ಬಾಗಿಲಿನವರು ಆಸ್ಪತ್ರೆ ಸೇರಿದ ಸುದ್ದಿ ಫೋನಿನ ಗುಂಪಿನಲ್ಲಿ ಬಂದು, ಕೈಮುಗಿದ ಚಿತ್ರವೊಂದನ್ನು ಒತ್ತಿದರೆ ನಮ್ಮ ಪಾಲು ಮುಗಿಯಿತು ಎನಿಸುತ್ತದೆ. ಇಲ್ಲಿ ಸುದ್ದಿ ಕಿವಿಗೆ ಬಿದ್ದವನು ಎದ್ದು ಹೋಗಲೇಬೇಕು. ನಾಳೆ ಬೆಳಿಗ್ಗೆ ಅದೇ ಓಣಿಯಲ್ಲಿ ಆ ಮನೆಯವರ ಮುಖ ನೋಡಬೇಕಲ್ಲ!

ಹಳ್ಳಿಯನ್ನು ಹೊಗಳಿ ಮುಗಿಸುವುದಕ್ಕಾಗಿ ಈ ಮಾತಲ್ಲ. ಅದೇ ಕಟ್ಟೆಯ ಮೇಲೆ ಜಾತಿಯ ಅಂತರವೂ ಕೂತಿರುತ್ತದೆ, ಬದುವಿನ ಜಗಳವೂ ಕೂತಿರುತ್ತದೆ. ಆದರೂ ಎತ್ತಿಗೆ ಮೊದಲು ನೀರು ಕೊಡುವ ಊರಿಗೆ ಕಬ್ಬು ಕಡಿಯುವವಳ ಕೂಸನ್ನು ಅಂಗನವಾಡಿಗೆ ಕರೆತರುವುದು ದೊಡ್ಡ ಕೆಲಸವಲ್ಲ. ಸೇವೆಯನ್ನೇ ಉದ್ಯೋಗ ಮಾಡಿಕೊಂಡವರಿಗೆ ಹೂಮಾಲೆ, ಚಪ್ಪಾಳೆ ಬೇಡ. ದುಡಿಮೆಗೆ ತಕ್ಕ ಸಂಬಳವನ್ನು ತಿಂಗಳ ಮೊದಲ ವಾರದಲ್ಲಿ ಕೊಡಲಿ, ಕೊಡುವಂತೆ ನಾವು ಕೇಳೋಣ. ಯಾವ ಸಂಬಳದಲ್ಲೂ ಬಾರದ ಕೆಲಸಗಳು ಆಮೇಲೂ ಉಳಿಯುತ್ತವೆ: ಸತ್ತ ಮನೆಗೆ ಅನ್ನ ಒಯ್ಯುವುದು, ದಾರಿಹೋಕನ ಬಂಡಿಗೆ ಕೈ ಹಚ್ಚುವುದು, ಪರಊರಿನ ಕೂಸಿಗೆ ಒಂದು ಲೋಟ ಹಾಲು. ಅವನ್ನು ಯಾವ ಇಲಾಖೆಯೂ ಮಾಡಲಾರದು. ಅವು ನಮ್ಮವು, ಮತ್ತು ಅವಕ್ಕೆ ಪಟ್ಟಿ ಬೇಕಾಗಿಲ್ಲ.